ಬೆಳಗ್ಗಿನ ಬಸ್ಸಿಗೆ ಬಂದು ಮಧ್ಯಾಹ್ನದ ಬಸ್ಸಿಗೆ ಹೋಗುವ ತಂಡಕ್ಕಾಗಿ

ಅಂತರ ಕಾಲೇಜು ಬಾಸ್ಕೆಟ್‌ಬಾಲ್ ಟೂರ್ನಮೆಂಟ್ ಈ ಸಲ ನಮ್ಮ ಕಾಲೇಜಿಗೆ ಅಂತ ಗೊತ್ತಾದ ದಿನ ಸ್ಟಾಫ್ ರೂಮಿನಲ್ಲಿ ಮಾತೆಲ್ಲ ಮುಖ್ಯ ಅತಿಥಿ ಯಾರು, ಟ್ರೋಫಿ ಎಲ್ಲಿ ಮಾಡಿಸುವುದು, ಬ್ಯಾನರ್ ಎಷ್ಟು ದೊಡ್ಡದು ಎಂಬುದರ ಸುತ್ತವೇ ತಿರುಗುತ್ತದೆ. ನಾನು ಅವತ್ತು ಮೊದಲು ವಿಚಾರಿಸುವುದು ಬಸ್ಸಿನ ಟೈಮು.

ಮಂಗಳೂರಿನ ಒಂದು ಕಾಲೇಜಿನಲ್ಲಿ ನಾನು ದೈಹಿಕ ಶಿಕ್ಷಣ ನಿರ್ದೇಶಕಿ. ಮಂಗಳೂರು ವಿಶ್ವವಿದ್ಯಾನಿಲಯ ಮಟ್ಟದ ಪುರುಷರ ಬಾಸ್ಕೆಟ್‌ಬಾಲ್ ಟೂರ್ನಮೆಂಟ್ ಮೂರು ಸಲ ನಡೆಸಿದ್ದೇನೆ. ಬೇರೆ ಕಾಲೇಜುಗಳಲ್ಲಿ ಸ್ಕೋರು, ಟೈಮು ನೋಡುವ ಟೇಬಲ್‌ಗೆ ಕೂತದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಈಗ ಹೊಸಬರು ಫೋನ್ ಮಾಡಿ ಕೇಳುತ್ತಿರುತ್ತಾರೆ, "ಮೇಡಂ, ಎಲ್ಲಿಂದ ಶುರು ಮಾಡಬೇಕು?" ಅಂತ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸುಳ್ಯದ ಕಡೆಯ ಒಂದು ತಂಡವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಹುಡುಗರು ಕತ್ತಲೆಯಲ್ಲೇ ಎದ್ದು ಮೊದಲ ಬಸ್ಸು ಹಿಡಿಯುತ್ತಾರೆ. ಇಲ್ಲಿಗೆ ಬಂದು ಒಂದೇ ಮ್ಯಾಚ್ ಆಡಿ ಸೋಲುತ್ತಾರೆ. ಮಧ್ಯಾಹ್ನ ವಾಪಸು ಬಸ್ಸು. ನಾಕೌಟ್ ಅಂದ ಮೇಲೆ ಬಂದ ತಂಡಗಳಲ್ಲಿ ಸುಮಾರು ಅರ್ಧದ ಕಥೆ ಇಷ್ಟೇ. ಗೆಲ್ಲುವ ತಂಡಕ್ಕೆ ನಮ್ಮ ಸಣ್ಣಪುಟ್ಟ ತಪ್ಪು ತಾಗುವುದಿಲ್ಲ. ಅವರಿಗೆ ನಾಳೆಯೂ ಆಟ ಉಂಟು. ಈ ಹುಡುಗರಿಗೆ ಇಡೀ ವರ್ಷದ ಟೂರ್ನಮೆಂಟ್ ಅಂದರೆ ಆ 40 ನಿಮಿಷ ಮಾತ್ರ. ನಾನು ಏನೇ ತೀರ್ಮಾನ ಮಾಡುವಾಗಲೂ, ಇದರಿಂದ ಆ ತಂಡಕ್ಕೆ ಏನಾಗುತ್ತದೆ ಅಂತ ಒಮ್ಮೆ ನೋಡುತ್ತೇನೆ.

ತಾರೀಕು, ಡ್ರಾ, ಟೈಮು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಕೋರ್ಟಿನಲ್ಲಿ ಆಡಿಸುವ ಯೋಚನೆ ಬೇಡ. ಅಕ್ಟೋಬರಿನಲ್ಲೂ ಬೆಳಿಗ್ಗೆ ಚೆಂದ ಬಿಸಿಲಿರುತ್ತದೆ, ನಾಲ್ಕು ಗಂಟೆ ಕಳೆದರೆ ಗುಡುಗು ಮಳೆ ಬಂದು ನಿಲ್ಲುತ್ತದೆ. ಅಂಥ ತಿಂಗಳಲ್ಲಿ ತಾರೀಕು ಸಿಕ್ಕಿದರೆ ಒಳಾಂಗಣ ಕೋರ್ಟ್ ಒಂದನ್ನು ಮೊದಲೇ ಮಾತಾಡಿ ಇಡಿ. ಕುದ್ರೋಳಿ ದಸರಾ ಮೆರವಣಿಗೆಯ ದಿನ ಮಂಗಳೂರು ಪೇಟೆಯಲ್ಲಿ ಬಸ್ಸು ಮುಂದೆ ಹೋಗುವುದಿಲ್ಲ. ಉಡುಪಿಯಲ್ಲಿ ನಡೆಸುವವರು ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಯನ್ನು ಬಿಟ್ಟುಬಿಡಿ. ಸೆಮಿಸ್ಟರ್ ಪರೀಕ್ಷೆ, ಇಂಟರ್ನಲ್ಸ್ ಯಾವಾಗ ಅಂತ ನೋಡಲು ಹೇಳಬೇಕಾಗಿಲ್ಲ.

ಡ್ರಾ, ಅಂದರೆ ಯಾರಿಗೆ ಯಾರು ಎದುರು ಎಂಬ ಪಟ್ಟಿ, ಅದರ ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. 19 ತಂಡ ಬಂದಿವೆ ಅನ್ನೋಣ. ಅದಕ್ಕಿಂತ ಮೇಲಿನ ಎರಡರ ಘಾತ 32. 32ರಲ್ಲಿ 19 ಕಳೆದರೆ 13. ಅಂದರೆ 13 ತಂಡಗಳಿಗೆ ಬೈ, ಮೊದಲ ಸುತ್ತು ಆಡದೆಯೇ ಮುಂದಿನ ಸುತ್ತಿಗೆ. ಮೇಲಿನ ಅರ್ಧಕ್ಕೆ 10 ತಂಡ, ಅದರಲ್ಲಿ 6 ಬೈ. ಕೆಳಗಿನ ಅರ್ಧಕ್ಕೆ 9 ತಂಡ, ಅದರಲ್ಲಿ 7 ಬೈ. ಮೊದಲ ಸುತ್ತಿನಲ್ಲಿ ಆಗುವುದು ಬರೀ 3 ಮ್ಯಾಚ್. ಆಮೇಲೆ 16 ತಂಡ ಉಳಿಯುತ್ತವೆ, ಅಲ್ಲಿಂದ 8, ಆಮೇಲೆ 4. ನಮ್ಮಲ್ಲಿ ನಾಕೌಟ್ ಕಮ್ ಲೀಗ್ ಜಾಸ್ತಿ. ಕೊನೆಗೆ ಉಳಿದ ನಾಲ್ಕು ತಂಡ ಒಬ್ಬರಿಗೊಬ್ಬರು ಆಡುತ್ತವೆ. ನಾಲ್ಕು ತಂಡ ಉಳಿಯುವವರೆಗೆ 15 ಮ್ಯಾಚ್, ಲೀಗ್ 6 ಮ್ಯಾಚ್, ಒಟ್ಟು 21.

10 ನಿಮಿಷದ ನಾಲ್ಕು ಕ್ವಾರ್ಟರ್, ನಡುವಿನ ಬಿಡುವು, ಟೈಮ್‌ಔಟ್, ಫ್ರೀ ಥ್ರೋ ಎಲ್ಲ ಸೇರಿದರೆ ಒಂದು ಮ್ಯಾಚಿಗೆ ಒಂದೂವರೆ ಗಂಟೆ ಬೇಕೇ ಬೇಕು. 21 ಮ್ಯಾಚಿಗೆ ಮೂವತ್ತೊಂದೂವರೆ ಗಂಟೆ. ಒಂದೇ ಕೋರ್ಟಿನಲ್ಲಿ ಮೂರು ದಿನದಲ್ಲಿ ಮುಗಿಸಲು ಹೊರಟರೆ ದಿನಕ್ಕೆ ಹತ್ತೂವರೆ ಗಂಟೆ ಆಡಿಸಬೇಕು. ಆಗ ಯಾರಾದರೂ ಒಬ್ಬರು "ಮೊದಲ ಸುತ್ತು ಏಳು ಏಳು ನಿಮಿಷ ಮಾಡುವ, ಕ್ಲಾಕ್ ನಿಲ್ಲಿಸುವುದು ಬೇಡ" ಎನ್ನುತ್ತಾರೆ. ನಾನು ಇದಕ್ಕೆ ಒಪ್ಪುವುದಿಲ್ಲ. ಅಷ್ಟು ದೂರದಿಂದ ಬಂದ ಹುಡುಗರಿಗೆ ಸಿಗುವುದೇ ಒಂದು ಮ್ಯಾಚ್, ಅದನ್ನೂ ಕತ್ತರಿಸಿ ಕೊಡುವುದಾ? ಹತ್ತಿರದ ಶಾಲೆಯದ್ದೋ ಇನ್ನೊಂದು ಕಾಲೇಜಿನದ್ದೋ ಎರಡನೇ ಕೋರ್ಟ್ ಕೇಳಿ. ಮೊದಲ ದಿನ 11 ಮ್ಯಾಚ್‌ಗಳನ್ನು ಎರಡೂ ಕೋರ್ಟಿಗೆ ಹಂಚಿ. ಏಳೂವರೆಗೆ ಶುರು ಮಾಡಿದರೆ ನಾಲ್ಕೂವರೆಗೆ ಮುಗಿಯುತ್ತದೆ. ಎರಡನೇ ದಿನ ಬೆಳಿಗ್ಗೆ ಕ್ವಾರ್ಟರ್ ಫೈನಲ್ ನಾಲ್ಕು, ಸಂಜೆ ಲೀಗ್ ಎರಡು. ಮೂರನೇ ದಿನ ಉಳಿದ ನಾಲ್ಕು.

ಡ್ರಾ ಎಲ್ಲರ ಎದುರೇ ಆಗಲಿ. ಹೋದ ವರ್ಷ ಗೆದ್ದವರನ್ನೂ ರನ್ನರ್‌ಅಪ್‌ನವರನ್ನೂ ಬೇರೆ ಬೇರೆ ಅರ್ಧದಲ್ಲಿ ಇಡಿ. ಉಳಿದವರ ಹೆಸರು ಚೀಟಿ ಬರೆದು ಸ್ಟೀಲ್ ಡಬ್ಬಿಗೆ ಹಾಕಿ, ಮ್ಯಾನೇಜರುಗಳ ಕೈಯಲ್ಲೇ ಎತ್ತಿಸಿ. ಯಾರು ಯಾರಿಗೆ ಎದುರು ಎಂಬುದನ್ನು ಚೀಟಿ ಹೇಳುತ್ತದೆ. ಎಷ್ಟು ಗಂಟೆಗೆ ಎಂಬುದನ್ನು ಮಾತ್ರ ನೀವೇ ದೂರ ನೋಡಿ ಹಾಕಬೇಕು. ಏಳೂವರೆಯ ಮ್ಯಾಚ್ ಊರಿನವರಿಗೆ. ಸುಳ್ಯ, ಬೈಂದೂರು ಕಡೆಯವರಿಗೆ ಹತ್ತೂವರೆ. ಇದರಲ್ಲಿ ಯಾರಿಗೂ ಅನ್ಯಾಯ ಇಲ್ಲ, ಯಾರೂ ಇದುವರೆಗೆ ತಕರಾರು ಮಾಡಿಲ್ಲ.

ನಿಯಮದ ಪ್ರಕಾರ ಟೈಮ್ ಆಗಿ 15 ನಿಮಿಷವಾದರೂ ತಂಡದಲ್ಲಿ ಐದು ಜನ ಸಿದ್ಧ ಇಲ್ಲದಿದ್ದರೆ ಎದುರಾಳಿಗೆ 20–0 ಗೆಲುವು. ನಿಯಮ ಇರಲಿ, ಆದರೆ ಬಸ್ಸು ಎಲ್ಲೋ ಸಿಕ್ಕಿಹಾಕಿಕೊಂಡಿದೆ ಅಂತ ಬೆಳಿಗ್ಗೆಯೇ ಫೋನ್ ಬಂದರೆ ಮುಂದಿನ ಮ್ಯಾಚನ್ನು ಮೊದಲು ಆಡಿಸಿ. ಎರಡೂ ಕಡೆಯ ಮ್ಯಾನೇಜರುಗಳಿಗೆ ಆಗಲೇ ಹೇಳಿಬಿಡಿ. ಕೊನೇ ಗಳಿಗೆಯಲ್ಲಿ ಹೇಳಿದರೆ ಅದು ಜಗಳವಾಗುತ್ತದೆ.

ಎಲಿಜಿಬಿಲಿಟಿ ಫಾರ್ಮಿನ ವಿಷಯ ಚುಟುಕಾಗಿ ಹೇಳುತ್ತೇನೆ. ಫೋಟೋ, ರಿಜಿಸ್ಟರ್ ನಂಬರ್, ಜನ್ಮ ದಿನಾಂಕಕ್ಕೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪ್ರಿನ್ಸಿಪಾಲರ ಸಹಿ, ಸೀಲು. ಏನೇನು ಬೇಕು ಅಂತ ಒಂದು ವಾರ ಮೊದಲೇ ವಾಟ್ಸಾಪ್ ಗ್ರೂಪಿಗೆ ಹಾಕಿ, ಎರಡು ದಿನ ಮೊದಲು ಇನ್ನೊಮ್ಮೆ ಹಾಕಿ. ಸೀಲು ಇಲ್ಲ ಅಂತ ಗೇಟಿನಲ್ಲಿ ಹುಡುಗನನ್ನು ನಿಲ್ಲಿಸುವ ಪರಿಸ್ಥಿತಿ ಬರಬಾರದು.

ಕೋರ್ಟ್

ನಮ್ಮ ಕಡೆ ಸಿಮೆಂಟ್ ಕೋರ್ಟಿಗೆ ದೊಡ್ಡ ವೈರಿ ಪಾಚಿ. ಮಳೆಗಾಲ ಮುಗಿಯುವಾಗ ಅದು ಒಣಗಿ ಕಪ್ಪಾಗಿ ನೆಲದ ಬಣ್ಣಕ್ಕೇ ಸೇರಿಕೊಂಡಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಬೆಳಗ್ಗಿನ ಇಬ್ಬನಿಯೋ ಹುಡುಗರ ಬೆವರೋ ಬಿದ್ದ ಕೂಡಲೇ ಜಾರುತ್ತದೆ. ಹದಿನೈದು ದಿನ ಮೊದಲೇ ಬ್ಲೀಚಿಂಗ್ ಪೌಡರ್ ಹಾಕಿ, ರಾತ್ರಿ ಬಿಟ್ಟು, ಬೆಳಿಗ್ಗೆ ಕಡ್ಡಿ ಹಿಡಿಸೂಡಿಯಲ್ಲಿ ಗಸಗಸ ತಿಕ್ಕಿಸಿ. ಒಂದು ವಾರ ಬಿಟ್ಟು ಮತ್ತೊಮ್ಮೆ. ತೊಳೆದ ಮೇಲೆ ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ ನಡೆದು ನೋಡಿ. ಪಾಚಿ ಉಳಿದದ್ದು ಕಾಲಿಗೆ ಗೊತ್ತಾಗುತ್ತದೆ. ಮರದ ನೆರಳು ಬೀಳುವ ಮೂಲೆಯಲ್ಲಿ ಯಾವಾಗಲೂ ಸ್ವಲ್ಪ ಉಳಿದಿರುತ್ತದೆ.

ಗೆರೆ ಹಾಕುವಾಗ ಹಳೇ ಗೆರೆಯ ಮೇಲೆ ಬಣ್ಣ ಬಳಿದು ಮುಗಿಸಬೇಡಿ. 2010ರವರೆಗೆ ತ್ರೀ ಪಾಯಿಂಟ್ ಗೆರೆ 6.25 ಮೀಟರಿನಲ್ಲಿತ್ತು, ಆಮೇಲೆ 6.75 ಆಯಿತು. ರಿಂಗಿನ ಕೆಳಗಿನ ಜಾಗ ಮೊದಲು ಎಂಡ್ ಲೈನಿನ (ರಿಂಗಿನ ಹಿಂದಿನ ಗಡಿಗೆರೆಯ) ಕಡೆಗೆ ಅಗಲವಾಗುತ್ತಾ ಹೋಗುತ್ತಿತ್ತು, ಈಗ ಸರಿಯಾದ ಆಯತ, 4.9 ಮೀಟರ್ ಅಗಲ, 5.8 ಮೀಟರ್ ಉದ್ದ. ಹಳೇ ಕೋರ್ಟುಗಳಲ್ಲಿ ಮಾಸಿದ ಆ ಗೆರೆಗಳು ಇನ್ನೂ ಇಣುಕುತ್ತವೆ. ಎರಡು ಗೆರೆ ಕಂಡರೆ ಶೂಟ್ ಮಾಡುವ ಹುಡುಗನಿಗೂ ಗೊಂದಲ, ರೆಫ್ರಿಗೂ ಗೊಂದಲ. ಹಳೆಯದನ್ನು ನೆಲದ ಬಣ್ಣದಲ್ಲಿ ಪೂರ್ತಿ ಮುಚ್ಚಿ.

ಹೊಸ ಗೆರೆ ಎಳೆಯಲು ಮೇಸ್ತ್ರಿಯ ತೂಗುಗುಂಡು ಒಂದು ಸಾಕು. ರಿಂಗಿಗೆ ಅಡ್ಡಡ್ಡ ಎರಡು ದಾರ ಕಟ್ಟಿ. ಅವು ಸೇರುವಲ್ಲಿ ಗುಂಡು ಇಳಿಬಿಡಿ. ಅಲ್ಲಾಡುವುದು ನಿಂತ ಮೇಲೆ ಅದು ತೋರಿಸುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಎಂಡ್ ಲೈನಿನ ಒಳ ಅಂಚಿನಿಂದ ಅಲ್ಲಿಗೆ 1.575 ಮೀಟರ್ ಬರಬೇಕು. ಬರದಿದ್ದರೆ ಕಂಬವೋ ಬೋರ್ಡೋ ಸರಿದಿದೆ ಅಂತ ಅರ್ಥ, ಅದನ್ನು ಮೊದಲು ನೋಡಿ. ಬಂದರೆ ಅದೇ ಗುರುತಿನ ಮೇಲೆ ಟೇಪಿನ ತುದಿ ಒತ್ತಿ ಹಿಡಿದು 6.75 ಮೀಟರಿಗೆ ಸುತ್ತು ಬನ್ನಿ. ನಾನು ಯಾವಾಗಲೂ ಟೇಪಿನ ತುದಿಗೆ ಕೂರುತ್ತೇನೆ, ಹುಡುಗರು ಸೀಮೆಸುಣ್ಣ ಹಿಡಿದು ಕಮಾನು ಎಳೆಯುತ್ತಾರೆ.

ರಿಂಗಿನ ಎತ್ತರ 3.05 ಮೀಟರ್. ಎರಡೂ ಕಡೆ ಅಳೆಯಿರಿ. ಸಮುದ್ರದ ಉಪ್ಪು ಗಾಳಿಗೆ ನಮ್ಮಲ್ಲಿ ಬೋಲ್ಟು ಬೇಗ ತುಕ್ಕು ಹಿಡಿಯುತ್ತದೆ. ಹುಡುಗರು ರಿಂಗಿಗೆ ನೇತಾಡುವುದೂ ಉಂಟು. ಒಂದು ವರ್ಷ ನಮ್ಮ ಕ್ಯಾಂಟೀನ್ ಕಡೆಯ ರಿಂಗು ನಾಲ್ಕು ಸೆಂಟಿಮೀಟರ್ ಬಾಗಿತ್ತು, ಅಳೆಯುವವರೆಗೆ ಯಾರಿಗೂ ಗೊತ್ತಿರಲಿಲ್ಲ. ಚೆಂಡು 7ನೇ ಸೈಜಿನದ್ದು. 1.8 ಮೀಟರ್ ಎತ್ತರದಿಂದ ಬಿಟ್ಟರೆ ಹೆಚ್ಚುಕಡಿಮೆ ಒಂದು ಮೀಟರ್ ಪುಟಿಯಬೇಕು. ಹೊಚ್ಚ ಹೊಸ ಚೆಂಡನ್ನು ನೇರ ಮ್ಯಾಚಿಗೆ ಕೊಡಬೇಡಿ, ನಿಮ್ಮ ಹುಡುಗರು ಒಂದು ವಾರ ಅದರಲ್ಲೇ ಪ್ರಾಕ್ಟೀಸ್ ಮಾಡಲಿ.

ಮಳೆ ಬಂದರೆ ರೆಫ್ರಿ ಆಟ ನಿಲ್ಲಿಸುತ್ತಾರೆ. ಆಗ ಸ್ಕೋರು, ಉಳಿದ ಸಮಯ, ಯಾರ ಕೈಯಲ್ಲಿ ಚೆಂಡಿತ್ತು, ಟೀಮ್ ಫೌಲ್ ಎಷ್ಟು, ಎಲ್ಲವನ್ನೂ ಬರೆದು ಇಬ್ಬರೂ ಕ್ಯಾಪ್ಟನ್‌ಗಳಿಗೆ ತೋರಿಸಿ. ನೀರು ಒಣಗಿಸಲು ಹಾಸ್ಟೆಲಿನ ಹಳೇ ಸ್ಪಂಜಿನ ಹಾಸಿಗೆಯಷ್ಟು ಒಳ್ಳೆಯದು ಬೇರೆ ಇಲ್ಲ. ಸುತ್ತಿ ಉರುಳಿಸಿ, ಹಿಂಡಿ, ಮತ್ತೆ ಉರುಳಿಸಿ. ಕೊನೆಗೆ ಬೈರಾಸಿನಲ್ಲಿ ಒರೆಸಿ.

ಟೇಬಲ್

ಇಲ್ಲಿ ಸ್ವಲ್ಪ ನಿಂತು ಹೇಳಬೇಕು.

ಒಂದು ವರ್ಷ ನಮ್ಮಲ್ಲೇ ಆದದ್ದು. ಮೊದಲ ದಿನದ ಮ್ಯಾಚ್, ದೂರದ ಊರಿನ ತಂಡ. ಸ್ಕೋರ್ ಶೀಟ್ ಬರೆಯಲು ನಮ್ಮದೇ ಕಾಲೇಜಿನ ಮೊದಲ ವರ್ಷದ ಹುಡುಗನನ್ನು ಕೂರಿಸಿದ್ದೆ. ಅಕ್ಷರ ಚೆಂದ, ತುಂಬಾ ಜಾಗ್ರತೆ. ಮೂರನೇ ಕ್ವಾರ್ಟರಿನಲ್ಲಿ 15ನೇ ನಂಬರಿನ ಹುಡುಗ ಫೌಲ್ ಮಾಡಿದ. ರೆಫ್ರಿ ಟೇಬಲ್ ಕಡೆ ಬಂದು ಬಲಗೈ ಮುಷ್ಟಿ ಹಿಡಿದು, ಎಡಗೈಯ ಐದು ಬೆರಳು ತೋರಿಸಿದರು. ಮುಷ್ಟಿ ಅಂದರೆ ಹತ್ತು. ನಮ್ಮ ಹುಡುಗ ಆ ಹೊತ್ತಿಗೆ ಹಿಂದಿನ ಬಾಸ್ಕೆಟ್ ಬರೆದುಕೊಳ್ಳುತ್ತಿದ್ದ. ತಲೆ ಎತ್ತುವಾಗ ಕಂಡದ್ದು ಐದು ಬೆರಳು ಮಾತ್ರ. 5ನೇ ನಂಬರಿನ ಎದುರು ಬರೆದ.

ಆ 5ನೇ ನಂಬರಿನವನೇ ಆ ತಂಡದ ಪಾಯಿಂಟ್ ಗಾರ್ಡ್, ಆಟ ನಡೆಸುವವನು. ನಾಲ್ಕನೇ ಕ್ವಾರ್ಟರಿನಲ್ಲಿ ಅವನದ್ದು ನಿಜವಾಗಿ ನಾಲ್ಕನೇ ಫೌಲ್. ಶೀಟಿನಲ್ಲಿ ಐದನೆಯದು. ಟೇಬಲ್‌ನಿಂದ ಐದನೇ ಫೌಲಿನ ಮಾರ್ಕರ್ ಮೇಲೆ ಹೋಯಿತು, ಐದಾದರೆ ಆಟಗಾರ ಹೊರಗೆ. "ನನಗೆ ನಾಲ್ಕೇ ಮೇಡಂ" ಅಂತ ಅವನು ನನ್ನ ಕಡೆ ನೋಡಿ ಹೇಳಿದ. ಶೀಟಿನಲ್ಲಿ ಐದಿತ್ತು, ನಾನು ಶೀಟನ್ನು ನಂಬಿದೆ. ಅವನು ಹೋಗಿ ಬೆಂಚಿನಲ್ಲಿ ಬೈರಾಸು ಮುಖಕ್ಕೆ ಹಾಕಿಕೊಂಡು ಕೂತ. ಅವರು ಮೂರು ಪಾಯಿಂಟಿನಲ್ಲಿ ಸೋತರು. ಸಂಜೆ ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೋ ತೋರಿಸಿದಾಗ ನನಗೆ ಗೊತ್ತಾಯಿತು. ಅಷ್ಟರಲ್ಲಿ ರೆಫ್ರಿ ಸಹಿ ಆಗಿತ್ತು, ಬಸ್ಸು ಹೋಗಿತ್ತು. ಮರುದಿನ ಅವರ ಪಿ.ಇ. ಸರ್‌ಗೆ ಫೋನ್ ಮಾಡಿ ತಪ್ಪು ನಮ್ಮದು ಅಂತ ಹೇಳಿದೆ. ಹುಡುಗನ ಹತ್ತಿರವೂ ಮಾತಾಡಿದೆ. ಅವನಿಗದು ಕೊನೇ ವರ್ಷ.

ಅವತ್ತಿನಿಂದ ನನ್ನ ಟೇಬಲ್‌ನಲ್ಲಿ ಒಂದು ಕ್ರಮ ಉಂಟು. ಫೌಲ್ ಆದ ಕೂಡಲೇ ಸ್ಕೋರರ್ ಪೆನ್ನು ಕೆಳಗಿಟ್ಟು ರೆಫ್ರಿಯ ಕೈ ನೋಡಬೇಕು. ನೋಡಿದ್ದನ್ನು ಬಾಯಿಬಿಟ್ಟು ಹೇಳಬೇಕು: "ಬಿಳಿ, ಹದಿನೈದು, ಎರಡನೇದು." ಪಕ್ಕದಲ್ಲಿ ಕೂತ ಅಸಿಸ್ಟೆಂಟ್ ಸ್ಕೋರರ್ ಅದನ್ನೇ ತಿರುಗಿ ಹೇಳಬೇಕು. ಆಮೇಲೆ ಬರೆಯುವುದು. ಇಬ್ಬರ ಮಾತು ಬೇರೆ ಬೇರೆ ಬಂದರೆ ಚೆಂಡು ಮತ್ತೆ ಆಟಕ್ಕೆ ಬರುವ ಮೊದಲೇ ಹಾರ್ನ್ ಒತ್ತಿ ರೆಫ್ರಿಯನ್ನು ಕೇಳಿ. ಅವರು ಸಿಟ್ಟು ಮಾಡುವುದಿಲ್ಲ. ಒಳ್ಳೆ ರೆಫ್ರಿಗಳಿಗೆ ಅಂಥ ಟೇಬಲ್ ಅಂದರೆ ಇಷ್ಟ. ಆಟಗಾರ ಬಂದು ತನ್ನ ಫೌಲ್ ಎಷ್ಟು ಅಂತ ತಕರಾರು ತೆಗೆದರೆ ನಿರ್ಲಕ್ಷ್ಯ ಮಾಡಬೇಡಿ. ಹುಡುಗರಿಗೆ ಅವರವರ ಫೌಲ್ ಲೆಕ್ಕ ಸಾಮಾನ್ಯವಾಗಿ ಸರಿ ನೆನಪಿರುತ್ತದೆ.

ಟೇಬಲ್‌ಗೆ ನಾಲ್ಕು ಜನ ಬೇಕು: ಸ್ಕೋರರ್, ಅಸಿಸ್ಟೆಂಟ್, ಟೈಮರ್, ಶಾಟ್ ಕ್ಲಾಕ್ ನೋಡುವವರು. ಎರಡು ಕೋರ್ಟ್ ಇದ್ದರೆ ಎಂಟು, ಬದಲಿಗೆ ಇನ್ನೂ ನಾಲ್ಕು. ನಿಮ್ಮ ಹುಡುಗಿಯರ ತಂಡದವರನ್ನು ಕೂರಿಸಿ, ಅವರಿಗೆ ಆಟ ಗೊತ್ತಿರುತ್ತದೆ. ಒಂದು ತಿಂಗಳು ಮೊದಲೇ ಪ್ರಾಕ್ಟೀಸ್ ಮ್ಯಾಚುಗಳಿಗೆ ಶೀಟ್ ಬರೆಸಿ ಅಭ್ಯಾಸ ಮಾಡಿಸಿ. ಮೊದಲ ಮತ್ತು ಮೂರನೇ ಕ್ವಾರ್ಟರ್ ಕೆಂಪು ಪೆನ್ನು, ಎರಡು ಮತ್ತು ನಾಲ್ಕಕ್ಕೆ ನೀಲಿ ಅಥವಾ ಕಪ್ಪು. ಬಾಸ್ಕೆಟ್ ಆದರೆ ಓರೆ ಗೆರೆ, ಫ್ರೀ ಥ್ರೋ ಆದರೆ ತುಂಬಿದ ಚುಕ್ಕಿ, ತ್ರೀ ಪಾಯಿಂಟ್ ಆದರೆ ಆಟಗಾರನ ನಂಬರಿಗೆ ಸುತ್ತ ವೃತ್ತ. ಪ್ರತಿ ಕ್ವಾರ್ಟರ್ ಮುಗಿದಾಗ ಸ್ಕೋರ್ ಬೋರ್ಡಿಗೂ ಶೀಟಿಗೂ ತಾಳೆ ನೋಡಲಿ. ವ್ಯತ್ಯಾಸ ಬಂದರೆ ಶೀಟೇ ಅಂತಿಮ. ಶೀಟಿಗೆ ಅಷ್ಟು ಬೆಲೆ ಇರುವುದರಿಂದಲೇ ಅದನ್ನು ಬರೆಯುವವರ ಹಿಂದೆ ಫ್ರೆಂಡ್ಸ್ ಯಾರೂ ನಿಂತು ಮಾತಾಡಬಾರದು.

ತಂಡದ ಪಟ್ಟಿ ಮ್ಯಾಚಿಗೆ 40 ನಿಮಿಷ ಮೊದಲು ಬರಬೇಕು, 12 ಹೆಸರು, ನಂಬರ್ ಸಮೇತ. 10 ನಿಮಿಷ ಮೊದಲು ಕೋಚ್ ಬಂದು ಮೊದಲ ಐದು ಜನರನ್ನು ಗುರುತಿಸಿ ಸಹಿ ಹಾಕಬೇಕು. ಡ್ರಾದಲ್ಲಿ ಮೊದಲು ಹೆಸರಿರುವ ತಂಡಕ್ಕೆ ತಿಳಿ ಬಣ್ಣದ ಜೆರ್ಸಿ. ಆದರೆ ಎಷ್ಟೋ ಕಾಲೇಜುಗಳಲ್ಲಿ ಇರುವುದೇ ಒಂದು ಸೆಟ್. ನಂಬರ್ ಇರುವ ಬಿಳಿ ಬನಿಯನ್ ಒಂದು ಸೆಟ್ ನೀವೇ ತೆಗೆದಿಡಿ. ಯಾರಿಗೂ ಮುಜುಗರ ಆಗದ ಹಾಗೆ ಕೊಟ್ಟುಬಿಡಿ.

ಶಾಟ್ ಕ್ಲಾಕ್ ಮೆಷಿನ್ ಇಲ್ಲದಿದ್ದರೆ ಸ್ಟಾಪ್‌ವಾಚ್ ಹಿಡಿದ ಒಬ್ಬರು ಗಟ್ಟಿಯಾಗಿ "ಹತ್ತು... ಐದು, ನಾಲ್ಕು, ಮೂರು" ಅಂತ ಕೂಗಲಿ. ಚೆಂಡು ಸಿಕ್ಕಿದ ತಂಡಕ್ಕೆ ಶೂಟ್ ಮಾಡಲು 24 ಸೆಕೆಂಡು, ರಿಂಗಿಗೆ ತಾಗಿ ಅದೇ ತಂಡಕ್ಕೆ ಸಿಕ್ಕಿದರೆ 14. ಕರೆಂಟಿನ ಸ್ಕೋರ್ ಬೋರ್ಡ್ ಇದ್ದರೂ ಮಗುಚುವ ಬೋರ್ಡ್ ಒಂದು ಟೇಬಲ್ ಕೆಳಗೆ ಇರಲಿ, ಗುಡುಗಿದರೆ ಕರೆಂಟು ಹೋಗುತ್ತದೆ. ಟೈಮರ್‌ಗೆ ಒಂದು ವಿಷಯ ಬಿಡಿಸಿ ಹೇಳಿ: ಬಾಸ್ಕೆಟ್ ಆದ ಮೇಲೆ ಕ್ಲಾಕ್ ನಿಲ್ಲುವುದು ನಾಲ್ಕನೇ ಕ್ವಾರ್ಟರಿನ ಕೊನೇ ಎರಡು ನಿಮಿಷದಲ್ಲಿ ಮತ್ತು ಓವರ್‌ಟೈಮಿನ ಕೊನೇ ಎರಡು ನಿಮಿಷದಲ್ಲಿ ಮಾತ್ರ. ಉಳಿದ ಹೊತ್ತಿನಲ್ಲಿ ಓಡುತ್ತಾ ಇರುತ್ತದೆ.

ಲೀಗಿನಲ್ಲಿ ಗೆದ್ದರೆ 2 ಪಾಯಿಂಟ್, ಸೋತರೆ 1, ಆಡಲು ಬಾರದಿದ್ದರೆ 0. ನಾಲ್ಕರಲ್ಲಿ ಮೂರು ತಂಡ ಎರಡು ಗೆದ್ದು ಒಂದು ಸೋತು ತಲಾ 5 ಪಾಯಿಂಟಿನಲ್ಲಿ ನಿಲ್ಲುವುದು ಅಪರೂಪ ಅಲ್ಲ. ಆಗ ಆ ಮೂರು ತಂಡಗಳ ನಡುವಿನ ಮ್ಯಾಚುಗಳ ಪಾಯಿಂಟ್ ವ್ಯತ್ಯಾಸ ತೆಗೆಯಬೇಕು. ಈ ನಿಯಮವನ್ನು ಲೀಗ್ ಶುರುವಾಗುವ ಮೊದಲೇ ಓದಿ ಹೇಳಿ. ಆಗ, ಎಂಟು ಪಾಯಿಂಟಿನಲ್ಲಿ ಸೋಲುವ ತಂಡ ಅದನ್ನು ಐದಕ್ಕೆ ಇಳಿಸಲು ಕೊನೇ ಸೆಕೆಂಡಿನವರೆಗೂ ಯಾಕೆ ಆಡುತ್ತಿದೆ ಅಂತ ನೋಡುವವರಿಗೂ ಅರ್ಥವಾಗುತ್ತದೆ.

ಹೊಟ್ಟೆ, ನೀರು, ಐಸು

ಬೆಳಿಗ್ಗೆ ಬನ್ಸ್, ಗೋಳಿಬಜೆ ಬೇಡ. ಎಣ್ಣೆ ತಿಂದು ಓಡಲಿಕ್ಕೆ ಆಗುವುದಿಲ್ಲ. ಇಡ್ಲಿ, ಅವಲಕ್ಕಿ, ಬಾಳೆಹಣ್ಣು ಸಾಕು. ನಮ್ಮ ಸೆಕೆಗೆ ಬರೀ ನೀರು ಸಾಲದು. ಉಪ್ಪು ಸಕ್ಕರೆ ಹಾಕಿದ ಪುನರ್ಪುಳಿ ಶರಬತ್ತೋ ನಿಂಬೆ ಶರಬತ್ತೋ ಎರಡೂ ಬೆಂಚಿನ ಹತ್ತಿರ ಇರಲಿ. ಮ್ಯಾಚ್ ಮುಗಿದವರಿಗೆ ಕುಚ್ಚಲಕ್ಕಿ ಗಂಜಿ, ಚಟ್ನಿ, ಉಪ್ಪಿನಕಾಯಿ. ಹಸಿವಾದವರು ಎರಡು ಬಟ್ಟಲು ಖಾಲಿ ಮಾಡುತ್ತಾರೆ. ಸೋತ ತಂಡವನ್ನು ಊಟಕ್ಕೆ ಯಾರೂ ಕರೆಯುವುದಿಲ್ಲ, ಅವರು ಸುಮ್ನೆ ಬ್ಯಾಗು ಎತ್ತಿಕೊಂಡು ಗೇಟಿನ ಕಡೆ ಹೋಗುತ್ತಾರೆ. ಕರೆದುಕೊಂಡು ಬರಲೆಂದೇ ಇಬ್ಬರು ಎನ್‌ಎಸ್‌ಎಸ್ ಹುಡುಗರನ್ನು ನಿಲ್ಲಿಸಿ.

ಕಾಲು ಉಳುಕಿದವರಿಗೆ ಐಸ್ ದಕ್ಕೆಯ (ಮೀನುಗಾರಿಕೆ ಬಂದರಿನ) ಕಡೆ ಸಿಗುತ್ತದೆ, ಥರ್ಮೋಕೋಲ್ ಬಾಕ್ಸಿನಲ್ಲಿ ತಂದಿಡಿ. ಪ್ಲಾಸ್ಟಿಕ್ ಕವರಿಗೆ ಹಾಕಿ ಬೈರಾಸಿನಲ್ಲಿ ಸುತ್ತಿ ಇಡಬೇಕು, ನೇರ ಚರ್ಮಕ್ಕೆ ಬೇಡ. ಶರಬತ್ತಿಗೆ ಆ ಐಸ್ ಹಾಕದ ಹಾಗೆ ಬಾಕ್ಸಿನ ಮೇಲೆ ದೊಡ್ಡದಾಗಿ ಬರೆದಿಡಿ. ರೆಫ್ರಿಗಳ ಸಂಭಾವನೆ ಅದೇ ದಿನ ಕವರಿನಲ್ಲಿ ಕೊಟ್ಟುಬಿಡಿ, ನಾಳೆಗೆ ಇಡಬೇಡಿ.

ಆಯ್ಕೆಗಾರರ ಕುರ್ಚಿ

ಈ ಟೂರ್ನಮೆಂಟಿನಿಂದಲೇ ವಿಶ್ವವಿದ್ಯಾನಿಲಯದ ತಂಡಕ್ಕೆ ಹುಡುಗರನ್ನು ಆರಿಸುತ್ತಾರೆ. ಆ ತಂಡ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾನಿಲಯ ಟೂರ್ನಮೆಂಟಿಗೆ ಹೋಗುತ್ತದೆ. ಆಯ್ಕೆಗೆ ಬಂದವರನ್ನು ವೇದಿಕೆಯಲ್ಲಿ ಅತಿಥಿಗಳ ಪಕ್ಕ ಕೂರಿಸಬೇಡಿ, ಅಲ್ಲಿಂದ ನಂಬರ್ ಕಾಣುವುದಿಲ್ಲ. ಟೇಬಲ್‌ಗೆ ಎದುರು ಬದಿಯಲ್ಲಿ, ನೆರಳಿನಲ್ಲಿ ಕುರ್ಚಿ ಹಾಕಿ. ಮೊದಲ ದಿನ, ಮೊದಲ ಮ್ಯಾಚಿನಿಂದಲೇ ಬರುವಂತೆ ಹೇಳಿ. ಎರಡು ಕೋರ್ಟ್ ಇದ್ದರೆ ಎರಡೂ ಕಡೆ ಒಬ್ಬರಾದರೂ ಇರಲಿ. ಸೋತ ತಂಡದಲ್ಲೂ ಒಳ್ಳೆಯ ಆಟಗಾರ ಇರುತ್ತಾನೆ. ಕ್ವಾರ್ಟರ್ ಫೈನಲ್‌ಗೆ ಬಂದು ಕೂತರೆ ಅವನು ಆಗಲೇ ಊರಿಗೆ ಹೋಗಿರುತ್ತಾನೆ. ಅವರು ನೋಡದೆ ಬಿಟ್ಟ ಮ್ಯಾಚುಗಳ ಶೀಟನ್ನು ನೀವೇ ಅವರ ಮುಂದೆ ಇಡಿ. ಸೋತ ಮ್ಯಾಚಿನಲ್ಲಿ ಒಬ್ಬನೇ 24 ಪಾಯಿಂಟ್ ಹಾಕಿದ್ದರೆ ಅದು ಅಲ್ಲಿ ಇರುತ್ತದೆ.

ಅದೇ ಶೀಟಿನ ಒಂದು ಪ್ರತಿಯನ್ನು ಸೋತ ತಂಡದ ಮ್ಯಾನೇಜರ್ ಕೈಗೆ ಅವರು ಹೊರಡುವ ಮೊದಲೇ ಕೊಡಿ. ಕಾರ್ಬನ್ ಪ್ರತಿ ಮಸುಕಾಗಿರುತ್ತದೆ, ಝೆರಾಕ್ಸ್ ಮಾಡಿಸಿ. ಒಮ್ಮೆ ನಮ್ಮ ಗೇಟಿನ ಹತ್ತಿರ ಬಸ್ಸಿಗೆ ಕಾಯುತ್ತಿದ್ದ ಹನ್ನೆರಡು ಹುಡುಗರು ಆ ಒಂದು ಹಾಳೆಯ ಮೇಲೆ ಬಾಗಿ, ತಮ್ಮ ತಮ್ಮ ನಂಬರಿನ ಎದುರು ಬೆರಳಿಟ್ಟು ಎಣಿಸುತ್ತಿದ್ದುದನ್ನು ನೋಡಿದ್ದೇನೆ. ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿ ಮುಚ್ಚಿರುತ್ತದೆ. ಆಫೀಸಿನ ಝೆರಾಕ್ಸ್ ರೂಮಿನ ಬೀಗದ ಕೈ ಹಿಂದಿನ ದಿನವೇ ಕೇಳಿ ಇಟ್ಟುಕೊಳ್ಳಿ.